ಒಂದು ತಂಬಿಗೆ ಹೆಚ್ಚಿನ ನೀರು

ನಾನು ಹುಟ್ಟಿ ಬೆಳೆದದ್ದು ಸವಣೂರು ಕಡೆಯ ಜೋಳದ ಊರಲ್ಲಿ. ಅಲ್ಲಿ ಅನ್ನವೆಂದರೆ ರೊಟ್ಟಿ ಮುಗಿದ ಮೇಲೆ ಒಂದು ಹಿಡಿ. ಮದುವೆಯಾಗಿ ಭತ್ತ ಬೆಳೆಯುವ ಹಾನಗಲ್ಲಿಗೆ ಬಂದಮೇಲೆ ಅನ್ನ ಮಾಡುವುದನ್ನು ಅಳತೆಯಿಂದ ಕಲಿತೆ: ಒಂದು ಲೋಟ ಅಕ್ಕಿ, ಎರಡು ಲೋಟ ನೀರು, ಕುಕ್ಕರಿಗೆ ಮೂರು ಸೀಟಿ. ಮೂವತ್ತು ವರ್ಷ ಟೀಚರಾಗಿ ಶಾಲೆಯ ಗಂಟೆಗೆ ಸರಿಯಾಗಿ ನಡೆದವಳು ನಾನು. ಎಲ್ಲರೂ ತಪ್ಪಬಹುದು, ಲೋಟ ತಪ್ಪುವುದಿಲ್ಲ ಎಂದು ನಂಬಿದ್ದೆ.

ಸುಗ್ಗಿ ಮುಗಿದು ಹೊಸ ಅಕ್ಕಿ ಬಂದಾಗ ಮಾತ್ರ ಅನ್ನ ಮುದ್ದೆಯಾಗುತ್ತಿತ್ತು. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು ಎಂದು ಎಲ್ಲರೂ ಹೇಳಿದರು. ಎಷ್ಟು ಕಡಿಮೆ ಎಂದು ಯಾರೂ ಹೇಳಲಿಲ್ಲ. ನಾನು ಅಳತೆ ಬದಲಿಸಲಿಲ್ಲ.

ಮೈದುನನ ಹೆಂಡತಿ ಇದೇ ಸೀಮೆಯವಳು. ನಾಲ್ಕು ಅಕ್ಕಿಕಾಳು ಬಾಯಿಗೆ ಹಾಕಿ ಮುಂದಿನ ಹಲ್ಲಿನಿಂದ ಕಡಿಯುತ್ತಾಳೆ, ತಂಬಿಗೆ ಬಗ್ಗಿಸುತ್ತಾಳೆ, ಅಷ್ಟೇ. ಅನ್ನ ಬಿಡಿಬಿಡಿಯಾಗಿ ಬರುತ್ತದೆ. ಒಮ್ಮೆ ಪೆನ್ನು ಹಿಡಿದುಕೊಂಡೇ ನೀರಿನ ಅಳತೆ ಕೇಳಿದೆ.

“ಅಕ್ಕಿ ಕೇಳಿದಷ್ಟು ಹಾಕೂದ್ರಿ ಅಕ್ಕಾರ,” ಎಂದಳು. ಅದನ್ನು ಹೇಗೆ ಬರೆದುಕೊಳ್ಳುವುದು?

ಅವಳು ಮಾಡಿದ ದಿನ ನನ್ನ ಗಂಡ ಎರಡು ಸಲ ಹೆಚ್ಚು ಬಡಿಸಿಕೊಳ್ಳುತ್ತಾರೆ. ಒಮ್ಮೆ ಊಟಕ್ಕೆ ಕೂತಾಗ ನನಗೆ ಹೇಳಿದರು:

“ಅನ್ನ ಅಂದ್ರ ಇದು ನೋಡು. ನಿನ್ನ ಅನ್ನದ ಕಾಳು ಶಾಲಿ ಬಿಟ್ಟಾಗ ಗೇಟಿಗೆ ಮುಗಿಬಿದ್ದ ಹುಡುಗ್ರಂಗ, ಒಂದಕ್ಕೊಂದು ಅಂಟ್ಕೊಂಡಿರತಾವು!”

ಎಲ್ಲರೂ ನಕ್ಕರು. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ನಗು ಮೂರು ದಿನ ನನ್ನನ್ನು ಬಿಡಲಿಲ್ಲ.

ಈ ಸಲ ಸುಗ್ಗಿಯಾದ ಮೇಲೆ ನನ್ನ ಮಗಳನ್ನು ಒಪ್ಪಿದ ಹಿರೇಕೆರೂರಿನ ಬೀಗರು ಮೊದಲ ಸಲ ಊಟಕ್ಕೆ ಬಂದರು. ಅವರಿಗೆ ನನ್ನ ಕೈಯಿಂದಲೇ ಅನ್ನ ಆಗಬೇಕೆಂದು ಆಸೆಯಿತ್ತು.

“ಹೊಸ ಅಕ್ಕಿ ಐತಿ, ಅಕಿನ ಮಾಡ್ಲಿ. ನೀ ಹೋಳಿಗಿ ನೋಡ್ಕೊ,” ಎಂದರು ಗಂಡ.

ಮೈದುನನ ಹೆಂಡತಿ ದೊಡ್ಡ ಬೋಗುಣಿಯಲ್ಲಿ ಅಕ್ಕಿಗೆ ನೀರು ಹಾಕಿ, ಒಲೆಯ ಮೇಲಿಟ್ಟು, ಬಾಳೆಎಲೆ ತರಲು ಹಿತ್ತಲಿಗೆ ಹೋದಳು. ನಾನು ಹಿಟ್ಟಿನ ಕೈ ತೊಳೆದುಕೊಂಡೆ. ಒಂದು ತಂಬಿಗೆ ತುಂಬ ನೀರು ತೆಗೆದು ಬೋಗುಣಿಗೆ ಸುರಿದೆ. ಮುಚ್ಚಳ ಮೊದಲಿನಂತೆಯೇ ಮುಚ್ಚಿ ಹೋಳಿಗೆ ಲಟ್ಟಿಸತೊಡಗಿದೆ.

ಅವಳು ಮರಳಿ ಬಂದವಳು ಕುದಿಯುವ ಸದ್ದು ಕೇಳಿ ನಿಂತಳು. ಮುಚ್ಚಳ ತೆಗೆದು ಒಂದು ಅಗುಳು ಹಿಚುಕಿ ನೋಡಿದಳು. ನನ್ನ ಕಡೆ ತಿರುಗಲಿಲ್ಲ. ಬೋಗುಣಿಯ ಬಾಯಿಗೆ ಬಟ್ಟೆ ಹಿಡಿದು, ಬಗ್ಗಿಸಿ ಗಂಜಿಯೆಲ್ಲ ಬಸಿದಳು. ಆಮೇಲೆ ಉರಿ ಸಣ್ಣ ಮಾಡಿ ಮತ್ತೆ ಮುಚ್ಚಿದಳು.

ಬೀಗತಿ ಮೊದಲ ತುತ್ತಿಗೇ ಕೇಳಿದರು, “ಅನ್ನ ಯಾರು ಮಾಡ್ಯಾರ್ರಿ? ಒಂದ ಅಗಳೂ ಕೂಡಿಲ್ಲ.” ನನ್ನ ಗಂಡ ಹೆಮ್ಮೆಯಿಂದ ಅವಳ ಕಡೆ ಕೈ ತೋರಿಸಿದರು. ನನ್ನ ಹೋಳಿಗೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಬೀಗರು ಹೋದ ಮೇಲೆ ಅವಳು ಬಸಿದ ಗಂಜಿಗೆ ಮಜ್ಜಿಗೆ ಕಲಸಿ ನನ್ನ ಮುಂದಿಟ್ಟಳು.

“ಒಂದು ತಂಬಿಗಿ ಹೆಚ್ಚಾಗಿತ್ರಿ ಅಕ್ಕಾರ. ಕುಡೀರಿ, ಮುಂಜಾನಿಂದ ನಿಂತೀರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕೂ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅಳೆಯದೆ, ನೋಡದೆ, ಸರಿಯಾಗಿ ಒಂದೇ ತಂಬಿಗೆ ಎಂದು ಇವಳಿಗೆ ಹೇಗೆ ತಿಳಿಯಿತು?

ಗಂಜಿ ಕುಡಿದೆ. ಉಪ್ಪು ಕೂಡ ಸರಿಯಾಗಿತ್ತು.