ಆಯಿ ಹೊಸೆದ ಶಿವದಾರ

ಮೊದಲು ಕಪ್ಪಾದದ್ದು ನನ್ನ ಕುತ್ತಿಗೆ. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಶಿವದಾರ ತಾಗುವಲ್ಲೇ, ಹಿಂದುಗಡೆ ಒಂದು ಪಟ್ಟೆ. ಅವ್ವ ಅದನ್ನು ಮಣ್ಣು ಎಂದುಕೊಂಡಳು. ತಲೆಸ್ನಾನದ ದಿನ ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ಚರ್ಮ ಕೆಂಪಾಗಿ ಉರಿಯಿತು. ಕಪ್ಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ತಪ್ಪೆಲ್ಲ ದಾರದ ಮೇಲೆ ಬಂತು.

ನಮ್ಮ ಮನೆಯಲ್ಲಿ ಎಲ್ಲರ ಶಿವದಾರ ಹೊಸೆಯುವವಳು ಆಯಿ, ಅಪ್ಪನ ತಾಯಿ. ಮರಾಠಿ ಸೀಮೆಯ ಉಮರ್ಗಾದಲ್ಲಿ ನಮ್ಮದು ಬಟ್ಟೆ ಅಂಗಡಿ. ಅಲ್ಲಿ ಎಂಥ ದಾರ ಬೇಕಾದರೂ ಸಿಗುತ್ತದೆ. ಆದರೆ ಆಯಿಗೆ ತಾನೇ ತೊಡೆಯ ಮೇಲೆ ಹೊಸೆದದ್ದೇ ಆಗಬೇಕು. ನನ್ನ ಕುತ್ತಿಗೆ ನೋಡಿ ಆಕೆಯ ಮುಖ ಸಣ್ಣದಾಯಿತು.

“ನನ್ನ ದಾರಾನೇ ಕಡೀಲಿಕತ್ತದೇನವ್ವಾ ನಿನಗ?”

ರೇಷ್ಮೆ ದಾರ ಬಂತು. ನಂತರ ಅಪ್ಪ ಬೆಳ್ಳಿ ಸರ ಮಾಡಿಸಿದರು. ಆಯಿ ನನಗಾಗಿ ದಾರ ಹೊಸೆಯುವುದನ್ನೇ ಬಿಟ್ಟಳು. ಅಷ್ಟರಲ್ಲಿ ಗಲ್ಲದ ತುಂಬ ಮೊಡವೆ, ಗದ್ದದ ಕೆಳಗೆ ಒರಟು ಕೂದಲು. ಬಿಸಿಲಿನ ನೆಪ ಹೇಳಿ ದುಪಟ್ಟಾ ಸುತ್ತಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಮಳೆ ಬರುವಾಗಲೂ ಅದೇ ನೆಪ ಹೇಳಿದಾಗ ಗೆಳತಿಯರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ.

ಉದಗೀರದ ಸ್ಕಿನ್ ಡಾಕ್ಟರ್ ಬೆಳ್ಳಿ ಸರ ಬದಿಗೆ ಸರಿಸಿ ಕುತ್ತಿಗೆ ನೋಡಿದರು. ಕ್ರೀಮು ಬರೆದುಕೊಡುತ್ತಾರೆಂದು ನಾನೂ ಅವ್ವನೂ ಕಾದೆವು. ಅವರು ಮರಾಠಿಯಲ್ಲಿ ಕೇಳಿದ್ದೇ ಬೇರೆ.

“ಪಾಳಿ ವೇಳೆವರ್ ಯೇತೆ ಕಾ?”

ಮುಟ್ಟು ಸರಿಯಾಗಿ ಆಗುತ್ತದೆಯೇ ಎಂದು. ಅವ್ವ ನನಗಿಂತ ಮೊದಲೇ “ಹೋ, ಯೇತೆ” ಎಂದಳು.

“ಇಲ್ಲವ್ವಾ. ದೀಪಾವಳಿ ಆದಮ್ಯಾಗ ಆಗೇ ಇಲ್ಲ.”

ಮುಂದಿನ ದೀಪಾವಳಿ ಹತ್ತಿರ ಬಂದಿತ್ತು.

ನಮ್ಮ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುವುದಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಎಂಥ ಮೈಲಿಗೆ ಎಂದು ಆಯಿ ಓಣಿಯವರ ಜೊತೆ ಜಗಳಕ್ಕೇ ನಿಲ್ಲುತ್ತಾಳೆ. ಆ ದಿನಗಳಲ್ಲೂ ಪೂಜೆ, ಅಡುಗೆ ಎಲ್ಲ ಎಂದಿನಂತೆ. ನನಗೆ ಅದು ಈಗಲೂ ಹೆಮ್ಮೆಯೇ. ಆದರೆ ಪಕ್ಕದ ಮನೆಯ ಹುಡುಗಿ ಒಂದು ತಿಂಗಳು ಹೊರಗೆ ಕೂರದಿದ್ದರೆ ಅವಳ ತಾಯಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ನಾನೇ ಬಾಯಿಬಿಡಬೇಕು. ಮೊದಮೊದಲು ಪೀಡೆ ತಪ್ಪಿತೆಂದು ಖುಷಿಯಾಗಿದ್ದೆ. ಆಮೇಲೆ ಹೆದರಿಕೆ ಶುರುವಾಯಿತು. ಮದುವೆಯಾಗದ ಹುಡುಗಿಗೆ ಮುಟ್ಟು ನಿಂತಿದೆ ಎಂದರೆ ಜನ ಏನು ಅಂದುಕೊಳ್ಳುತ್ತಾರೆ ಎಂದು ನನಗೂ ಗೊತ್ತಿತ್ತು.

ಬ್ಲಡ್ ಟೆಸ್ಟ್, ಸೋನೋಗ್ರಫಿ ಆದವು.

ಪಿಸಿಓಡಿ.

ಕುತ್ತಿಗೆಯ ಕಪ್ಪು, ಮೊಡವೆ, ಕೂದಲು, ನಿಂತ ಮುಟ್ಟು, ಎಲ್ಲವೂ ಹಾರ್ಮೋನಿನ ಏರುಪೇರಿನಿಂದ ಎಂದರು ಡಾಕ್ಟರ್. ದಾರದ್ದು ಏನೂ ತಪ್ಪಿಲ್ಲ. ಅದೊಂದು ಮಾತನ್ನು ಆಯಿಗೆ ಯಾವಾಗ ಹೇಳುತ್ತೇನೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಡಪಡಿಸಿದೆ. ಕೇಳಿ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ದಾರದ್ದು ಹಾಳಾಗಿ ಹೋಗ್ಲಿ. ಇಷ್ಟು ದಿನಾ ಒಬ್ಬಾಕಿನೇ ಹೆದರಕೋತ ಕುಂತಿದ್ದೆಲ್ಲ ನನ್ನ ಕೂಸ! ನನಗರೆ ಹೇಳಬಾರದೇನು?”

ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ.

ಈಗ ಗುಳಿಗೆ ನಡೆದಿದೆ. ಬೆಳಿಗ್ಗೆ ವಾಕಿಂಗು. ಅವ್ವ ನನ್ನ ಚಹಾದ ಸಕ್ಕರೆಗೆ ಕತ್ತರಿ ಹಾಕಿ, ತಾನೂ ಸಪ್ಪೆ ಚಹಾ ಕುಡಿದು ಮುಖ ಕಿವುಚುತ್ತಾಳೆ. ಮೊನ್ನೆ ಪಾಳಿ ಬಂತು. ಅದು ಗುಳಿಗೆಯಿಂದ ಬಂದದ್ದು, ತಾನಾಗಿ ಬರಲು ಕಾಯಬೇಕು ಎಂದಿದ್ದಾರೆ ಡಾಕ್ಟರ್. ಇರಲಿ. ಹೊಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಓಡಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು. ಮೊಡವೆಗಳ ಮೇಲೆಲ್ಲ ಜೋಳದ ಹಿಟ್ಟು.

ಕುತ್ತಿಗೆ ಇನ್ನೂ ಕಪ್ಪೇ. ಸ್ನಾನ ಮಾಡಿ, ಬೆಳ್ಳಿ ಸರ ತೆಗೆದು, ಲಿಂಗವನ್ನು ಅಂಗೈಯಲ್ಲಿ ಹಿಡಿದು ಆಯಿಯ ಮುಂದೆ ಕೂತೆ. ಹೊಸ ದಾರ ಹೊಸೆದುಕೊಡು ಎಂದೆ. ಆಕೆ ನೂಲು ತೆಗೆದಳು. ತೊಡೆಯ ಮೇಲಿಟ್ಟ ಕೈ ಒಂದು ಕ್ಷಣ ನಿಂತಿತು.

“ಮತ್ತ ಕಡದರ?”

“ಕಡದರ ನಿನಗ ಹೇಳ್ತೀನಿ, ಆಯಿ.”