ಕಮಲಾಪುರ ನಾಕಾದಲ್ಲಿ ಬಿಚ್ಚಿದ ಗಂಟು

ಕಮಲಾಪುರದ ನಾಕಾದಲ್ಲಿ ಬಸ್ಸು ನಿಲ್ಲಿಸಿದರು. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ವರ್ಷವಾದರೂ ತಪಾಸಣೆ ನಿಂತಿಲ್ಲ. ನಾನು ನಮ್ಮವರ ತಾಂಡಾಗಳನ್ನು ಸುತ್ತಿ ಕೂಡಿಸಿದ ಒಡವೆ, ಬಟ್ಟೆಗಳನ್ನು ಹೈದರಾಬಾದಿನ ಮ್ಯೂಜಿಯಮ್ಮಿಗೆ ಮುಟ್ಟಿಸಬೇಕು. ಗುಲ್ಬರ್ಗಾದಲ್ಲಿ ಸಂಜೆಯ ರೈಲು ಹಿಡಿಯಬೇಕು. ಜಮಾದಾರ ಗಂಟು ಬಿಚ್ಚಿಸಿ, ಕೆನ್ನೆಯ ಪಕ್ಕ ಇಳಿಬಿಡುವ ಬೆಳ್ಳಿಯ ಗೂಗ್ರಿಯನ್ನು ಎತ್ತಿ ಹಿಡಿದ.

“ನೀ ಯಾವ ಜಾತಿ?”

“ಲಂಬಾಣಿ ರೀ. ಮ್ಯೂಜಿಯಂ ಕಾಗದ ಐತ್ರಿ.”

ಕಾಗದವನ್ನು ಅವನು ನೋಡಲೇ ಇಲ್ಲ. ಲಂಬಾಣಿಯ ಕೈಯಲ್ಲಿ ಬೆಳ್ಳಿ ಕಂಡರೆ ಅದು ಕಳವಿನದೇ ಎಂಬ ನಂಬಿಕೆ ಸರ್ಕಾರ ಬದಲಾದರೂ ಬದಲಾಗಿಲ್ಲ.

“ಗಂಡ ಇರೋತನಕ ನಿಮ್ಮ ಹೆಣ್ಮಕ್ಕಳು ಗೂಗ್ರಿ ತೆಗ್ಯಾಂಗಿಲ್ಲ. ಯಾರದು ಕಿತ್ಕೊಂಡು ಬಂದಿ?”

ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

“ನಮ್ಮವ್ವಂದು ರೀ. ಹೋದ ವರ್ಷದ ಗದ್ದಲದಾಗ ಅಪ್ಪ ತೀರ್ಕೊಂಡಾನ್ರಿ.”

ಅವನು ಗೂಗ್ರಿಗೆ ದಾರದಿಂದ ಕಟ್ಟಿದ್ದ ಚೀಟಿ ತಿರುವಿದ. ‘ಲಂಬಾಣಿ ಹೆಂಗಸಿನ ಒಡವೆ, ಬೆಳ್ಳಿ.’ ನನ್ನದೇ ಅಕ್ಷರ.

“ನಿಮ್ಮವ್ವಂದಾದ್ರ ಆಕಿ ಹೆಸರು ಯಾಕ ಬರ್ದಿಲ್ಲ?”

ಮ್ಯೂಜಿಯಮ್ಮಿನವರು ಹೆಸರು ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಪೆನ್ಸಿಲ್ ತೆಗೆದು ಅವನ ಎದುರಿಗೇ ‘ಸೋಮ್ಲಿಬಾಯಿ’ ಎಂದು ಬರೆದೆ. ಅವನು ಓದಿದ. ಗೂಗ್ರಿಯನ್ನು ತಾನೇ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, “ಹೋಗ್ರಿ” ಎಂದ.

ಬಸ್ಸು ಗುಲ್ಬರ್ಗಾದ ಕಡೆ ಹೊರಟಿದೆ. ಪೆನ್ಸಿಲ್ ಇನ್ನೂ ಕೈಯಲ್ಲಿದೆ. ಗಂಟಿನ ತುಂಬ ಚೀಟಿಗಳಿವೆ. ಆ ಒಡವೆ, ಬಟ್ಟೆ ಕೊಟ್ಟ ಹೆಂಗಸರ ಹೆಸರನ್ನು ನಾನು ಕೇಳಿಯೇ ಇಲ್ಲ.