ಡಬ್ಬದ ದಾಸವಾಳ

ದಾಸವಾಳ ಬೆಳೆಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈಗ ಮಾತು ಬದಲಾಯಿಸುತ್ತೇನೆ. ಮೊದಲು ಹೀಗಿರಲಿಲ್ಲ. ಕೇಳದವರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದೆ: ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ಬುಡವನ್ನು ಓರೆಯಾಗಿ ಕತ್ತರಿಸಿ, ಕೆಂಪು ಮಣ್ಣಿಗೆ ಮರಳು, ಹಳೆಯ ಸಗಣಿಗೊಬ್ಬರ ಬೆರೆಸಿ ನೆರಳಲ್ಲಿ ನೆಡಿ, ಚಿಗುರಿದ ಮೇಲೆ ಬಿಸಿಲಿಗೆ ತನ್ನಿ. ಬಿಳಿ ಹುಳ ಕಂಡರೆ ಸೋಪಿನ ನೀರು. ಹೂ ಬರುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಕತ್ತರಿಗೆ ಹೆದರಬೇಡಿ. ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡರೆ ಆಫೀಸಿನವರು ಮುಂದಿನ ಬಸ್ಸಿಗೆ ಕಾಯುತ್ತಿದ್ದರು.

ಇಷ್ಟು ಪಾಂಡಿತ್ಯ ಬಂದದ್ದು ಒಂದೇ ಒಂದು ಗಿಡದಿಂದ. ಎಪ್ಪತ್ತರ ದಶಕದ ಆರಂಭದಲ್ಲಿ, ಮದುವೆಯಾದ ಹೊಸತರಲ್ಲಿ, ಜಯನಗರದಲ್ಲೊಂದು ಮಹಡಿ ಮನೆ ಬಾಡಿಗೆಗೆ ಹಿಡಿದೆವು. ನನ್ನ ಹೆಂಡತಿ ಸರಸ ತವರಿನಿಂದ ಕುಂಕುಮದ ಬಣ್ಣದ ದಾಸವಾಳದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕಾಂಪೌಂಡಿನ ಮೂಲೆಯಲ್ಲಿ ನೆಡಲೇ ಎಂದು ಕೆಳಮನೆಯಲ್ಲಿದ್ದ ಮಾಲೀಕರನ್ನು ಕೇಳಿದಳು.

"ಬೇಜಾರ್ ಮಾಡ್ಕೋಬೇಡಿಮ್ಮ, ನೆಲದಲ್ಲಿ ಗಿಡ ನೆಟ್ಟೋರು ಮನೆ ಖಾಲಿ ಮಾಡಲ್ಲ. ಇಬ್ಬರನ್ನ ನೋಡಿದೀನಿ. ಡಬ್ಬದಲ್ಲಿ ಇಟ್ಕೊಳ್ಳಿ," ಎಂದು ಅವರೇ ಒಂದು ಖಾಲಿ ಎಣ್ಣೆ ಡಬ್ಬ ಕೊಟ್ಟರು. ನಾನು ಥ್ಯಾಂಕ್ಸ್ ಬೇರೆ ಹೇಳಿದೆ.

ಮುಂದೆ ಹನ್ನೆರಡು ವರ್ಷದಲ್ಲಿ ಐದು ಮನೆ, ಎಲ್ಲವೂ ಮಹಡಿಯ ಮೇಲಿನವೇ. ಜಯನಗರದಿಂದ ಬನಶಂಕರಿ, ಅಲ್ಲಿಂದ ಮತ್ತೆ ಜಯನಗರದ ಬೇರೆ ಬೇರೆ ಬ್ಲಾಕುಗಳು. ಪ್ರತಿಸಲವೂ ಡಬ್ಬ ಟೆಂಪೊದಲ್ಲಿ ಸರಸಳ ತೊಡೆಯ ಮೇಲೆ ಕೂತು ಬರುತ್ತಿತ್ತು. ತುಕ್ಕು ಹಿಡಿದಾಗ ಅದೇ ಅಳತೆಯ ಇನ್ನೊಂದು ಡಬ್ಬಕ್ಕೆ ಬದಲಾಯಿಸುತ್ತಿದ್ದೆವು. ಅಂಗೈಯಗಲ ಬಿಡಬೇಕಾದ ಹೂ ಬಟನ್ ಗುಲಾಬಿಯಷ್ಟು ಬಿಡುತ್ತಿತ್ತು. "ನಮ್ಮದು ಅಂತ ಒಂದು ಮನೆ ಆಗ್ಲಿ ಕಣ್ರೀ, ನೆಲಕ್ಕೆ ಇಳಿಸೋಣ. ಆಗ ನೋಡಿ ಇದರ ಜೋರು," ಎನ್ನುತ್ತಿದ್ದಳು. ಸ್ವಂತ ಮನೆಯಿಂದ ಅವಳು ಕೇಳಿದ್ದು ಅದೊಂದೇ. ಮೊಸಾಯಿಕ್ಕು, ಷೋಕೇಸು ಎಲ್ಲ ನನ್ನ ಚಪಲ.

ದಾಸವಾಳಕ್ಕೆ ಚೀನಾದ ಹೆಸರಿಟ್ಟ ಸಸ್ಯಶಾಸ್ತ್ರದವರಿಗೂ ಅದರ ಹುಟ್ಟೂರು ಗೊತ್ತಿಲ್ಲವಂತೆ. ಕಾಡಿನಲ್ಲಿ ತಾನಾಗಿ ಬೆಳೆದದ್ದನ್ನು ಯಾರೂ ಕಂಡಿಲ್ಲವಂತೆ, ಎಲ್ಲಿ ನೋಡಿದರೂ ಮನುಷ್ಯರ ಅಂಗಳದಲ್ಲೇ. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು. ನಮ್ಮ ಜಾತಿಯದೇ ಗಿಡ, ಪಾಪ.

ಎಂಬತ್ತರ ದಶಕದ ನಡುವೆ ಜೆ.ಪಿ. ನಗರದಲ್ಲಿ ಮನೆ ಎದ್ದಿತು. ಗೃಹಪ್ರವೇಶದ ಮಾರನೆಯ ಬೆಳಿಗ್ಗೆಯೇ ಗುಂಡಿ ತೋಡಿದೆ. ಡಬ್ಬವನ್ನು ಹುಷಾರಾಗಿ ಸೀಳಿ, ಮಣ್ಣಿನ ಹೆಂಟೆ ಒಂದಿಷ್ಟೂ ಒಡೆಯದಂತೆ ಹಸುಗೂಸಿನ ಹಾಗೆ ಎತ್ತಿಕೊಂಡೆ.

"ಬೇರು ಸ್ವಲ್ಪ ಬಿಡಿಸ್ಬೇಕಲ್ವಾ?" ಎಂದಳು ಸರಸ.

"ನಿನಗೆ ಗೊತ್ತಾಗಲ್ಲ, ಸುಮ್ನಿರು. ಬೇರಿಗೆ ನೋವಾಗ್ಬಾರ್ದು."

ಗಿಡ ಎರಡು ಮಳೆಗಾಲ ಇದ್ದಷ್ಟೇ ಇತ್ತು. ಮೂರನೆಯ ಬೇಸಿಗೆಯಲ್ಲಿ ಒಣಗಿತು. ಕೀಳಲು ಬಂದ ತೋಟದ ಮಾಲಿಗೆ ಗುದ್ದಲಿಯೇ ಬೇಕಾಗಲಿಲ್ಲ. ಎಳೆದೊಡನೆ ಚೌಕನೆಯ ಹೆಂಟೆ ಹಾಗೇ ಎದ್ದು ಬಂತು. ಬೇರುಗಳು ನಾಲ್ಕೂ ಮೂಲೆಯಲ್ಲಿ ಮಡಚಿಕೊಂಡು ಸುತ್ತು ಹಾಕಿದ್ದವು, ಒಂದೂ ಆಚೆ ಹೋಗಿರಲಿಲ್ಲ.

"ಸುತ್ಕೊಂಡಿರೋ ಬೇರನ್ನ ಕೊಯ್ದು ನೆಡ್ಬೇಕಿತ್ತು ಸಾರ್. ಡಬ್ಬ ಹೋಗಿರೋದೇ ಇದಕ್ಕೆ ಗೊತ್ತಾಗಿಲ್ಲ," ಎಂದ.

ಸರಸ ಒಳಗೆ ಹೋದಳು. ನಾನಾಗಲೇ ಹೇಳಿರಲಿಲ್ಲವೇ ಎಂದು ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಹನ್ನೆರಡು ವರ್ಷ ಅವಳು ಹೊತ್ತು ತಂದದ್ದನ್ನು ನಾನು ಒಂದು ಬೆಳಿಗ್ಗೆಯ ಜಾಣತನದಲ್ಲಿ ಕೊಂದಿದ್ದೆ.

ಮಧ್ಯಾಹ್ನ ಅಡುಗೆಮನೆಗೆ ಹೋದೆ. ಅವಳು ಚಟ್ನಿಪುಡಿ ಕುಟ್ಟುತ್ತಿದ್ದಳು. ಕಬ್ಬಿಣದ ಕುಟ್ಟಾಣಿಯ ಅಡಿಯಲ್ಲಿ ನಾಲ್ಕು ಮಡಿಕೆಯ ಗೋಣಿಚೀಲ, ಕೆಳಗಿನ ಮನೆಯವರಿಗೆ ಸದ್ದಾಗದಿರಲೆಂದು. ನಮ್ಮ ಈ ಮನೆಗೆ ಮಹಡಿಯೇ ಇಲ್ಲ. ಅಡುಗೆಮನೆಯ ಕೆಳಗೆ ಇರುವುದು ನಮ್ಮದೇ ಸೈಟಿನ ಮಣ್ಣು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

"ಕೆಳಗೆ ಯಾರಿದಾರೆ ಅಂತ ಇದು? ತೆಗಿ," ಎಂದೆ.

ಅವಳು ನನ್ನ ಮುಖ ನೋಡಿದಳು. ಗೋಣಿ ಎಳೆದು ಪಕ್ಕಕ್ಕಿಟ್ಟು ಎರಡೇಟು ಬಲವಾಗಿ ಕುಟ್ಟಿದಳು. ಮನೆಯೆಲ್ಲ ಧಣ್ ಎಂದಿತು. ಇಬ್ಬರೂ ಬೆಚ್ಚಿ ಬಾಗಿಲ ಕಡೆ ನೋಡಿದೆವು. ಯಾರೂ ಬರಲಿಲ್ಲ.

ಗೋಣಿಯನ್ನು ಮತ್ತೆ ಮಡಿಸಿ ಕುಟ್ಟಾಣಿಯ ಅಡಿಗೆ ತಳ್ಳಿದವನು ನಾನೇ.